ತೊಂಬತ್ತು ಮೀಟರ್

ಪೈಪಿನೊಳಗಿಂದ ಮೊದಲು ಬಂದದ್ದು ಗಾಳಿ. ಯಾರೋ ಕೆನ್ನೆಗೆ ಬಡಿದಂತೆ ಬಂತು. ಅದರ ಬೆನ್ನಿಗೇ ಧಡ್ ಎಂಬ ಸದ್ದು. ಹಬೀಬನ ಬಲಗಿವಿ ಒಂದು ಕ್ಷಣ ಮುಚ್ಚಿಹೋಗಿ, ಆಮೇಲೆ ಗುಂಯ್‌ಗುಡತೊಡಗಿತು. ಗುಂಡಿಯ ತಳದಲ್ಲಿ ಮೊಣಕಾಲೂರಿ ಕೂತಿದ್ದವನು ಹಿಂದಕ್ಕೆ ಸರಿದು ಪೈಪಿನ ಬಾಯನ್ನೇ ನೋಡಿದ. ಕಿತ್ತಳೆ ಬಣ್ಣದ, ಮಗುವಿನ ಮುಷ್ಟಿಯಷ್ಟು ದಪ್ಪದ ಪ್ಲಾಸ್ಟಿಕ್ ಪೈಪು. ಅದರೊಳಗಿಂದ ಈಗ ಹಸಿ ಮಣ್ಣಿನ ವಾಸನೆ ಬರುತ್ತಿತ್ತು.

ಒಂದು ನಿಮಿಷದ ಹಿಂದೆ ಅದೇ ಪೈಪಿನಿಂದ ಶಿವಪುತ್ರ ಕೂಗಿದ್ದ: "ಕೇಳಸ್ತದೇನ್ರಿ ಹಬೀಬಣ್ಣಾ?"

"ಕೇಳ್ತದೆ ಕಣೋ. ಕಿವಿ ಹರಿಯೋ ಹಂಗೆ ಕಿರುಚ್ಬೇಡ," ಎಂದು ಹಬೀಬ್ ನಕ್ಕಿದ್ದ.

ಅದು ಅವರಿಬ್ಬರ ಪರೀಕ್ಷೆ. ಕಗ್ಗದಾಸಪುರದ ಈ ರಸ್ತೆಯಡಿ ಹೋದ ವಾರ ಇಂಟರ್ನೆಟ್ ಕೇಬಲ್ಲಿಗೆಂದು ಮೂರು ಪೈಪು ಹಾಯಿಸಿದ್ದರು. ಬೇಕರಿಯ ಮುಂದೆ ಒಂದು ಗುಂಡಿ. ಅಲ್ಲಿಂದ ತೊಂಬತ್ತು ಮೀಟರ್ ಆಚೆ, ಮೂಲೆ ತಿರುಗಿದ ಮೇಲೆ, ಖಾಲಿ ಸೈಟೊಂದರ ಕಾಂಪೌಂಡಿನ ಬುಡದಲ್ಲಿ ಇನ್ನೊಂದು ಗುಂಡಿ. ಎರಡು ಪೈಪುಗಳಿಗೆ ಆಗಲೇ ಮುಚ್ಚಳ ಬಿಗಿದಿತ್ತು. ನಡುವಿನದರಲ್ಲಿ ಇವತ್ತು ಕೇಬಲ್ ಕಳಿಸಬೇಕಿತ್ತು. ಪೈಪು ಎಲ್ಲಾದರೂ ಚಪ್ಪಟೆಯಾಗಿದೆಯೋ, ಮಣ್ಣು ತುಂಬಿದೆಯೋ ನೋಡಲು ಒಂದು ತುದಿಯಲ್ಲಿ ಕೂಗಿ ಇನ್ನೊಂದು ತುದಿಯಲ್ಲಿ ಕೇಳುತ್ತಿದ್ದರು. ಮಾತು ಮಾತಾಗಿಯೇ ಬಂದರೆ ದಾರಿ ಸರಿ ಇದೆ ಎಂದರ್ಥ.

ಶಿವಾಜಿನಗರದ ಹಬೀಬ್ ಹದಿನೇಳು ವರ್ಷದಿಂದ ಈ ಕೆಲಸದಲ್ಲಿದ್ದ. ಕೇಬಲ್ಲಿನ ಒಳಗಿನ ಗಾಜಿನ ಎಳೆಗಳನ್ನು, ಒಂದೊಂದೂ ಕೂದಲಿನಷ್ಟು ಸಣ್ಣದು, ಎದುರುಬದುರು ಹಿಡಿದು ಕರಗಿಸಿ ಬೆಸೆಯುವುದು ಅವನ ಕಸುಬು. ಶಿವಪುತ್ರ ಗುಂಡಿ ತೋಡುವವನಾಗಿ ಬಂದವನು. ಸುರಪುರದ ಕಡೆಯ ಹಳ್ಳಿ, ಇಪ್ಪತ್ತಾರು ವಯಸ್ಸು. ಕೈ ಸೂಕ್ಷ್ಮವಾಗಿದೆ ಎಂದು ಹಬೀಬನೇ ಅವನಿಗೆ ಪೈಪಿನ ತುದಿ ಸವರುವುದು, ಜೋಡಿಸುವುದು ಕಲಿಸಿದ್ದ. ಹಾಗಾಗಿ ಆ ಗುಂಡಿಗೆ ಅವತ್ತು ಇಳಿದವನು ಅವನೊಬ್ಬನೇ.

ಹಬೀಬ್ ಮೇಸ್ತ್ರಿ ಪೀರಪ್ಪನಿಗೆ ಫೋನು ಮಾಡಿದ. ಅವನು ಆ ತುದಿಯಲ್ಲಿ ಗುಂಡಿಯ ಮೇಲೆ ನಿಂತಿರಬೇಕಿತ್ತು. ನಾಲ್ಕನೇ ರಿಂಗಿಗೆ ಎತ್ತಿದ.

"ಗ್ವಾಡಿ ಬಿದ್ದದ! ಅಷ್ಟೂ ಗುಂಡ್ಯಾಗ ಬಿದ್ದದ! ಹುಡುಗ ಒಳಗ ಅದಾನ!" ಎಂದು ಅರಚಿದ. ಅವನ ಹಿಂದೆ ಜನರ ಗದ್ದಲ.

ಹಬೀಬ್ ಮೇಲೆ ಹತ್ತಲು ಏಣಿಗೆ ಕೈ ಹಾಕಿದ್ದ. ಆಗ ಹಿಂದಿನಿಂದ, ಮೊಣಕಾಲಿನ ಮಟ್ಟದಿಂದ, ಯಾರೋ ಅವನ ಹೆಸರು ಹೇಳಿದರು.

"ಹಬೀಬಣ್ಣ."

ಅವನು ಮತ್ತೆ ಕೂತು ಪೈಪಿಗೆ ಬಾಯಿ ಹಚ್ಚಿದ. "ಶಿವಪುತ್ರ! ಮಾತಾಡೋ! ಎಲ್ಲಿದೀಯ?"

ಅರ್ಧ ಸೆಕೆಂಡಿನಷ್ಟು ತಡವಾಗಿ ಉತ್ತರ ಬಂತು. "ಇಲ್ಲೇ ಅದೀನ್ರಿ. ಕತ್ತಲ ಅದ. ತಲಿ ಮ್ಯಾಲ ಒಂದು ದೊಡ್ಡ ತುಂಡು ಅಡ್ಡ ನಿಂತದ. ಸ್ವಂಟದ ಕೆಳಗ ಏನೂ ತಿಳೀವಲ್ದು."

"ಕೈ ಆಡ್ತವಾ?"

"ಒಂದು ಕೈ ಆಡ್ತದ. ಪೈಪು ಮುಖದ ಹತ್ರ ಅದ. ಅದ್ನ ಹಿಡಕೊಂಡೀನಿ."

"ಬಿಡ್ಬೇಡ ಅದನ್ನ. ಎಲ್ಲಾ ಬರ್ತಾ ಇದಾರೆ. ನಾನಿಲ್ಲೇ ಇದೀನಿ."

ಬೀದಿಯಲ್ಲಿ ಆಟೊಗಳು, ನೀರಿನ ಟ್ಯಾಂಕರು, ಬೇಕರಿಯವನ ಹಾಡು. ಹೊರಗಿನ ಗಾಳಿಯಲ್ಲಿ ಮೂಲೆಯಾಚೆಯ ಒಂದು ಸದ್ದೂ ಇಲ್ಲಿಗೆ ಮುಟ್ಟುತ್ತಿರಲಿಲ್ಲ. ಪೈಪಿನಲ್ಲಿ ಮಾತ್ರ ಶಿವಪುತ್ರ ಉಗುಳು ನುಂಗಿದ್ದೂ ಕೇಳುತ್ತಿತ್ತು. ದನಿ ಸ್ವಲ್ಪ ಬದಲಾಗಿತ್ತು, ಕಂಬಳಿಯೊಳಗಿಂದ ಮಾತಾಡಿದ ಹಾಗೆ. ಸ, ಶ ಅಕ್ಷರಗಳು ದಾರಿಯಲ್ಲೇ ಸವೆದುಹೋಗುತ್ತಿದ್ದವು. "ಉಸಿರು ಬಿಗಿ ಆಗ್ಲತ್ತದ" ಎಂದು ಅವನು ಹೇಳಿದಾಗ ಹಬೀಬನಿಗೆ 'ಉಯಿರು' ಎಂದು ಕೇಳಿತು. ತಮಿಳರ ಬೀದಿಯಲ್ಲಿ ಬೆಳೆದವನಿಗೆ ಅದು ಜೀವ ಎಂಬ ಮಾತು. ಎರಡನೇ ಸಲ ಕೇಳಿ ಅರ್ಥ ಮಾಡಿಕೊಂಡ.

ಮಾತಾಡಿಸುತ್ತಿರಬೇಕು ಎಂದಷ್ಟೇ ಅವನಿಗೆ ಹೊಳೆದದ್ದು. ಹೆಂಡತಿ ಕಾವೇರಿ ಎಲ್ಲಿ ಕೆಲಸಕ್ಕೆ ಹೋಗಿದ್ದಾಳೆ ಎಂದು ಕೇಳಿದ. ಸಿ.ವಿ. ರಾಮನ್ ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲು ಒರೆಸುತ್ತಾಳೆ ಎಂದು ಗೊತ್ತಿದ್ದರೂ ಕೇಳಿದ. ಶಿವಪುತ್ರ ಬೇರೆಯೇ ಮಾತೆತ್ತಿದ.

"ಹಬೀಬಣ್ಣ, ನಾ ಮುಂಜಾನೇನ ಹೇಳಿದ್ದೆ."

"ಏನ್ ಹೇಳಿದ್ದೆ?"

"ಗ್ವಾಡಿ ಮುಂದ ಬಂದದ ಅಂತ ಪೀರಪ್ಪ ಮಾವಗ ಹೇಳಿದ್ದೆ. ರಾತ್ರಿ ಮಳಿ ಆಗ್ಯದ, ಬುಡಕ್ಕ ನೀರು ನಿಂತದ, ಗ್ವಾಡಿಗೆ ಆಸರಕ್ಕ ಕಟಗಿ ಕೊಟ್ಟು ಇಳೀತೀನಿ ಅಂದೆ. ಒಂದ್ ತಾಸಿನ ಕೆಲಸ ಅದ, ಕಟಗಿ ತರೋತನ ಇಂಜಿನಿಯರ್ ಸಾಹೇಬ್ರು ನಿಂದರಂಗಿಲ್ಲ, ಇಳಿ ಅಂದ. ಸಾಹೇಬ್ರೂ ಅಲ್ಲೇ ಇದ್ರು. ಇಳಿ ಅಂದ್ರು. ಇಳದೆ."

"ಈಗ ಅದೆಲ್ಲ ಬೇಡ ಬಿಡು. ಉಸಿರು ಉಳಿಸ್ಕೋ."

"ನೀವು ಕೇಳಿದ್ರಿಲ್ಲ?"

"ಕೇಳಿದೆ ಕಣೋ. ಪೂರ್ತಿ ಕೇಳಿದೆ."

"ಹಂಗಾದ್ರ ಆತು," ಎಂದ ಶಿವಪುತ್ರ.

ಅಷ್ಟರಲ್ಲಿ ಪೈಪು ನಡುಗಿತು. ದೂರದಿಂದ ಗುರ್ ಎಂಬ ಸದ್ದು ಹತ್ತಿರವಾಯಿತು. ಪಕ್ಕದ ಲೇಔಟಿನಿಂದ ಜೆಸಿಬಿ ಬಂದಿತ್ತು. ಒಂದು ಸಲ ಅದು ಮಣ್ಣಿಗೆ ಬಾಯಿ ಹಾಕಿದ್ದೇ ತಡ, ಶಿವಪುತ್ರ ಕಿರುಚಿದ. "ನಿಂದರ್ಸ್ರಿ! ಮಶೀನ ನಿಂದರ್ಸ್ರಿ! ಮಣ್ಣು ಬಾಯಾಗ ಬೀಳ್ಲತ್ತದ!"

ಪೀರಪ್ಪ ಫೋನು ಎತ್ತಲಿಲ್ಲ. ಹಬೀಬ್ ಏಣಿ ಹತ್ತಿ ಓಡಿದ. ನಲವತ್ತೆಂಟು ವರ್ಷದ ಮಂಡಿ, ಕೆಸರಿನ ಬೂಟು. ಮೂಲೆ ತಿರುಗುವಾಗ ಸ್ಕೂಟರಿಗೆ ಡಿಕ್ಕಿ ಹೊಡೆದು ಬೀಳಬೇಕಾದವನು ಬೀಳಲಿಲ್ಲ. ಜೆಸಿಬಿಯ ಮುಂದೆ ಎರಡೂ ಕೈ ಎತ್ತಿ ನಿಂತು ಅರಚಿದ: "ಬದುಕಿದಾನೆ! ಮಾತಾಡ್ತಾ ಇದಾನೆ! ಕೈಯಲ್ಲಿ ತೆಗೀಬೇಕು, ಕೈಯಲ್ಲಿ!"

ಜನ ನಂಬಲಿಲ್ಲ. ಗುಂಡಿಯಿದ್ದ ಕಡೆ ಸಿಮೆಂಟ್ ಬ್ಲಾಕುಗಳ ಗುಡ್ಡೆ ಬಿದ್ದಿತ್ತು, ಅದರ ಮೇಲೆ ಕೆಂಪು ಮಣ್ಣು. ಕಿವಿ ಇಟ್ಟು ಕೇಳಿದರೂ ಒಂದು ಸದ್ದಿಲ್ಲ. ಇಷ್ಟು ಹತ್ತಿರ ನಿಂತವರಿಗೆ ಕೇಳದ್ದು ಮೂಲೆಯಾಚೆ ಇದ್ದವನಿಗೆ ಹೇಗೆ ಕೇಳೀತು? ಆದರೂ ಜೆಸಿಬಿಯವನು ಇಂಜಿನ್ ಆರಿಸಿದ. ಜನ ಸಾಲುಗಟ್ಟಿ ನಿಂತು ಬ್ಲಾಕುಗಳನ್ನು ಕೈಯಿಂದ ಕೈಗೆ ದಾಟಿಸತೊಡಗಿದರು. ಪೀರಪ್ಪ ಎಲ್ಲರಿಗಿಂತ ಮುಂದೆ ಇದ್ದ. ಅವನ ಬೆರಳುಗಳಲ್ಲಿ ಆಗಲೇ ರಕ್ತ ಬಂದಿತ್ತು. ಕಂಪನಿಯ ಇಂಜಿನಿಯರ್ ಕಾರಿನ ಪಕ್ಕ ನಿಂತು ಫೋನಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದ.

ಹಬೀಬ್ ತನ್ನ ಗುಂಡಿಗೆ ಮರಳಿದಾಗ ಕಾವೇರಿ ಅಲ್ಲಿದ್ದಳು. ಯಾರೋ ಫೋನು ಮಾಡಿ ಪೈಪಿನ ವಿಷಯ ಹೇಳಿದ್ದರಂತೆ. ಅಪಾರ್ಟ್‌ಮೆಂಟಿನ ನೀಲಿ ಅಂಗಿಯನ್ನು ಸೀರೆಯ ಮೇಲೆ ಹಾಗೇ ತೊಟ್ಟುಕೊಂಡು ಬಂದಿದ್ದಳು. ಏಣಿಯಿಂದ ಇಳಿಯಲು ಗೊತ್ತಾಗದೆ ಗುಂಡಿಗೆ ಜಿಗಿದುಬಿಟ್ಟಿದ್ದಳು. ಪೈಪು ಯಾವುದೆಂದು ತಿಳಿಯದೆ ಮೂರರ ಮೇಲೂ ಕೈಯಾಡಿಸುತ್ತಿದ್ದಳು. ಹಬೀಬ್ ಅವಳ ತಲೆಯನ್ನು ನಡುವಿನ ಪೈಪಿನ ಹತ್ತಿರ ಹಿಡಿದ.

"ಎಲ್ಲಿ ಅದೀ?" ಎಂದಳು ಅವಳು. ಕೂಗಲಿಲ್ಲ. ಅಡುಗೆಮನೆಯಿಂದ ಹೊರಗಿನ ಕೋಣೆಗೆ ಕೇಳಿದ ಹಾಗೆ ಕೇಳಿದಳು.

ಉತ್ತರಕ್ಕೆ ಅವಳು ಕಿವಿ ಕೊಟ್ಟಳು. ಏನು ಬಂತೋ ಹಬೀಬನಿಗೆ ಕೇಳಲಿಲ್ಲ. "ಹೂಂ" ಎಂದಳು. ಮತ್ತೆ "ಹೂಂ, ಹೂಂ" ಎಂದಳು. ಆಮೇಲೆ ತಲೆ ಎತ್ತಿ, "ಉಸಿರು ಆಗವಲ್ದು ಅಂತಾನಣ್ಣ" ಎಂದಳು.

ಅಗ್ನಿಶಾಮಕದವರು ಹತ್ತೂವರೆಗೆ ಬಂದರು, ಗೋಡೆ ಬಿದ್ದು ಒಂದು ಗಂಟೆಯ ಮೇಲಾಗಿತ್ತು. ಅವರ ಅಧಿಕಾರಿ, ನೆರೆತ ಮೀಸೆಯ ಮನುಷ್ಯ, ಎರಡೂ ಗುಂಡಿ ನೋಡಿ, ಪೈಪಿಗೆ ಕಿವಿ ಕೊಟ್ಟು ಎರಡು ನರಳಾಟ ಕೇಳಿ, ಹಬೀಬನ ಮಾತನ್ನು ಪೂರ್ತಿ ನಂಬಿದ. ಬೇಕರಿಯ ಪಕ್ಕ ನಿಲ್ಲಿಸಿದ್ದ ಕಂಪ್ರೆಸರ್ ತೋರಿಸಿ, "ಇದೇನು?" ಎಂದು ಕೇಳಿದ.

"ಕೇಬಲ್ ಊದೋದಕ್ಕೆ ಸರ್. ಗಾಳಿ ಒತ್ತಡದಲ್ಲಿ ಕೇಬಲ್ಲು ಪೈಪಿನೊಳಗೆ ಹೋಗುತ್ತೆ."

"ಕಮ್ಮಿ ಮಾಡಿ ಬರೀ ಗಾಳಿ ಕಳ್ಸೋಕಾಗುತ್ತಾ? ಒಳಗೆ ಗಾಳಿ ಮುಗೀತಾ ಬಂದಿರುತ್ತೆ ಗುರು. ಮೇಲಿಂದ ಅವನ ಹತ್ರ ಹೋಗೋಕೆ ಇನ್ನೂ ಮುಕ್ಕಾಲು ಗಂಟೆ ಬೇಕು."

"ಆಗುತ್ತೆ. ಆದ್ರೆ ಗಾಳಿ ಹಾಕಿದ್ರೆ ಮಾತು ಬರಲ್ಲ ಸರ್. ಇರೋದು ಒಂದೇ ಪೈಪು. ಆ ಕಡೆ ಮುಚ್ಚಳ ಇಲ್ದೆ ಇರೋದು ಇದೊಂದೇ."

ಅಧಿಕಾರಿ ಕಾವೇರಿಯನ್ನು ನೋಡಿ, ಹಬೀಬನನ್ನು ನೋಡಿ, "ಗಾಳಿ ಹಾಕು" ಎಂದ.

ಹಬೀಬ್ ಶಿವಪುತ್ರನಿಗೆ ಹೇಳಿದ: ಗಾಳಿ ಬಿಡ್ತೀವಿ, ಸದ್ದು ಜೋರಾಗಿರುತ್ತೆ, ಹೆದರಬೇಡ, ಐದು ನಿಮಿಷಕ್ಕೊಮ್ಮೆ ನಿಲ್ಲಿಸಿ ಮಾತಾಡಿಸ್ತೀನಿ. "ಕಾವೇರಿ ಅಲ್ಲೇ ಇರ್ತಾಳೇನು?" ಎಂದು ಅವನು ಕೇಳಿದ. "ಇಲ್ಲೇ ಇರ್ತಾಳೆ." ಪೈಪಿನ ಬಾಯಿಗೆ ಹೋಸು ಜೋಡಿಸಿ ಹಬೀಬ್ ವಾಲ್ವು ತಿರುಗಿಸಿದ. ಡೀಸೆಲ್ ಯಂತ್ರ ಅಬ್ಬರಿಸಿತು. ಪೈಪು ಹಾವಿನಂತೆ ಬುಸುಗುಟ್ಟಿತು.

ಮೊದಲ ಐದು ನಿಮಿಷ ಮುಗಿದಾಗ ಶಿವಪುತ್ರ ಮಾತಾಡಿದ. ಚಳಿ ಅಂದ. ಎರಡನೇ ಸಲ ನಿಲ್ಲಿಸಿದಾಗ ಮಾತು ನಿಧಾನವಾಗಿತ್ತು. ಕಾವೇರಿ ಕೇಳಿದ ಮೂರು ಪ್ರಶ್ನೆಗೆ ಒಂದು ಉತ್ತರ. ಅವಳು ಪೈಪಿನಿಂದ ಮುಖ ತೆಗೆಯಲೊಲ್ಲಳು. ಹಬೀಬ್ ಅವಳ ಭುಜ ಹಿಡಿದು ಸರಿಸಿ ಹೋಸು ಜೋಡಿಸಬೇಕಾಯಿತು.

ಮೂರನೇ ಸಲ ನಿಲ್ಲಿಸುವ ಹೊತ್ತಿಗೆ ಆ ತುದಿಯಿಂದ ಫೋನು ಬಂತು. ಇನ್ನು ಎರಡಡಿ ಉಳಿದಿದೆ, ಯಾವ ಕಾರಣಕ್ಕೂ ಗಾಳಿ ನಿಲ್ಲಿಸಬೇಡಿ ಎಂದು ಅಧಿಕಾರಿ ಹೇಳಿದ. ಹಬೀಬ್ ನಿಲ್ಲಿಸಲಿಲ್ಲ.

"ಅಣ್ಣ, ಐದು ಮಿನಿಟ ಆತು," ಎಂದಳು ಕಾವೇರಿ.

"ಹತ್ರ ಬಂದಿದಾರಮ್ಮ. ಇನ್ನು ಸ್ವಲ್ಪ ಹೊತ್ತು."

"ಒಂದು ಮಾತ ಅಣ್ಣ. ಒಂದ ಮಾತ ಹೇಳಬೇಕು."

"ಬಂದ್ಮೇಲೆ ನೂರು ಮಾತು ಹೇಳೀವಂತೆ. ಈಗ ಅವನಿಗೆ ಗಾಳಿ ಬೇಕು."

ಅವಳು ವಾಲ್ವಿಗೆ ಕೈ ಹಾಕಿದಳು. ಹಬೀಬ್ ಅವಳ ಮುಂಗೈ ಹಿಡಿದ. ಅವಳು ಎಳೆದಳು, ಅವನು ಬಿಡಲಿಲ್ಲ. ಮೆಟ್ಟಿಲು ಒರೆಸಿ ಗಟ್ಟಿಯಾದ ಕೈ. ಯಂತ್ರದ ಸದ್ದಿನಲ್ಲಿ ಅವಳೇನು ಹೇಳುತ್ತಿದ್ದಳೋ ಅವನಿಗೆ ಗೊತ್ತಾಗಲಿಲ್ಲ, ಅವಳ ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಎಳೆಯುವುದನ್ನು ಬಿಟ್ಟಳು. ಆದರೂ ಅವನು ಕೈ ಬಿಡದೆ ಇಪ್ಪತ್ತು ನಿಮಿಷ ಹಾಗೇ ಹಿಡಿದು ಕೂತಿದ್ದ.

ಮೇಲೆ ಯಾರೋ ಕಂಪ್ರೆಸರ್ ಆರಿಸಿದರು. ಒಮ್ಮೆಗೇ ಬೀದಿ ಮೌನವಾದ ಹಾಗಾಯಿತು. ಹಬೀಬ್ ಹೋಸು ಕಳಚಿ ಪೈಪಿಗೆ ಕಿವಿ ಹಚ್ಚಿದ. ಕಾವೇರಿ ಅವನ ಮುಖವನ್ನೇ ನೋಡುತ್ತಿದ್ದಳು.

ಪೈಪಿನಲ್ಲಿ ಮಾತುಗಳು ಬರುತ್ತಿದ್ದವು. ಶಿವಪುತ್ರನದಲ್ಲ. ಸಲಿಕೆ ಕಲ್ಲಿಗೆ ತಾಗಿದ ಸದ್ದು, ಯಾರದೋ ಏದುಸಿರು. ಪೈಪಿನ ಆ ತುದಿ ಈಗ ತೆರೆದುಕೊಂಡಿತ್ತು. "ಆ ಕಡೆ ಎತ್ತು... ನಿಧಾನ, ತಲೆ ಇದೆ." ಆಮೇಲೆ ಇನ್ನೊಂದು ದನಿ: "ಇಲ್ಲ ಸರ್." ಮತ್ತೆ ಮೊದಲಿನ ದನಿ: "ಸರಿಯಾಗಿ ನೋಡೋ." "ನೋಡಿದೆ ಸರ್. ಹೋಗಿದೆ." ಅದರ ಹಿಂದೆ ಪೀರಪ್ಪ ಎದೆ ಬಡಿದುಕೊಂಡು ಅಳುವುದು ಕೇಳಿತು.

"ಏನಂತಾನ?" ಎಂದಳು ಕಾವೇರಿ.

ಹಬೀಬ್ ಪೈಪಿನ ಬಾಯಿಯನ್ನು ಅಂಗೈಯಿಂದ ಮುಚ್ಚಿದ.

* * *

ಶವಾಗಾರದ ಡಾಕ್ಟರು ಚಿಕ್ಕ ವಯಸ್ಸಿನವಳು. ಸೊಂಟದಿಂದ ಕೆಳಗೆ ಎರಡು ಗಂಟೆ ಅಷ್ಟು ಭಾರ ಬಿದ್ದರೆ ರಕ್ತ ಕೆಡುತ್ತದೆ, ಗಾಳಿ ಇದ್ದರೂ ಇಲ್ಲದಿದ್ದರೂ ಅಷ್ಟೇ ಎಂದು ಹೇಳಿದಳು. ಸಮಾಧಾನಕ್ಕೆಂದೇ ಹೇಳಿದ್ದಳು. ಹಬೀಬ್ ಕಾವೇರಿಯ ಮುಂಗೈ ಹಿಡಿದಿದ್ದ ತನ್ನ ಅಂಗೈಯನ್ನು ನೋಡಿಕೊಂಡ. ಗಾಳಿಯಿಂದ ಏನೂ ಆಗದಿದ್ದರೆ ಆ ಇಪ್ಪತ್ತು ನಿಮಿಷ ಗಂಡ ಹೆಂಡತಿ ಮಾತಾಡಬಹುದಿತ್ತು.

ನಾಲ್ಕನೆಯ ದಿನ ಪೀರಪ್ಪ ಶಿವಾಜಿನಗರದ ಮನೆಗೆ ಬಂದ. ಎರಡೂ ಕೈಗೆ ಬ್ಯಾಂಡೇಜು. ಹಬೀಬನ ಹೆಂಡತಿ ಫಹ್ಮಿದಾ ಚಹಾ ತಂದಿಟ್ಟರೆ ಲೋಟ ಹಿಡಿಯಲಾಗದೆ ಎರಡು ಅಂಗೈ ನಡುವೆ ಒತ್ತಿ ಹಿಡಿದು ಕುಡಿದ.

"ಪೊಲೀಸ್ರು ನಿಮ್ಮನ್ನ ಕರೀತಾರ," ಎಂದ. "ಬಿದ್ದ ಕೂಡ್ಲೇ ಹೋಗಿಬಿಟ್ಟ ಅಂತ ಹೇಳ್ರಿ. ಅಷ್ಟ ಸಾಕು. ಸಾಹೇಬ್ರೂ ಹಂಗ ಬರಸ್ಯಾರ. ಮಳಿಗೆ ಗ್ವಾಡಿ ಬಿತ್ತು, ಹುಡುಗ ಅಲ್ಲೇ ಸತ್ತ."

"ಒಂದು ಗಂಟೆಗೂ ಮೇಲೆ ಮಾತಾಡಿದಾನೆ ಪೀರಪ್ಪ."

"ಏನು ಮಾತಾಡಿದ ಅನ್ನೂದು ನಿಮಗಷ್ಟ ಗೊತ್ತು."

"ಬೆಳಗ್ಗೆ ಏನ್ ಹೇಳಿದ್ದ ಅಂತ ನಿಮ್ಗೂ ಗೊತ್ತಲ್ಲ."

ಪೀರಪ್ಪ ಲೋಟ ಕೆಳಗಿಟ್ಟ. "ಅಂವ ನಮ್ಮೂರಂವ. ನನ್ನ ತೊಡಿ ಮ್ಯಾಲ ಆಡಿ ಬೆಳೆದಂವ. ಅವನವ್ವಗ ನಾ ಏನಂತ ಮುಖ ತೋರಸ್ಲಿ? ಕಟಗಿ ತರೋಣು ಅಂತ ನಾನೂ ಸಾಹೇಬ್ರಿಗೆ ಅಂದೆ. ಅವರು ವಾಚ್ ನೋಡಿದ್ರು. ಹದಿನೆಂಟು ಮಂದೀನ ಊರಿಂದ ಕರಕೊಂಡು ಬಂದೀನಿ ಹಬೀಬಣ್ಣ. ನಾ ಜೈಲಿಗೆ ಹೋದ್ರ ಅವ್ರೆಲ್ಲಾ ಬೀದ್ಯಾಗ ನಿಂದರ್ತಾರ. ಸತ್ತಂವ ಏನು ತಿರುಗಿ ಬರ್ತಾನೇನು?"

ಅವನು ಹೋದ ಮೇಲೆ ಫಹ್ಮಿದಾ ಲೋಟ ಎತ್ತಿಕೊಂಡು ಬಾಗಿಲಲ್ಲೇ ನಿಂತಳು. "ಕ್ಯಾ ಕರ್ತೇಂ ಜೀ?" ಎಂದು ಕೇಳಿದಳು. ಅವನು ಏನು ಮಾಡುತ್ತಾನೆಂದು ಅವನಿಗೇ ಗೊತ್ತಿರಲಿಲ್ಲ.

ಮರುದಿನ ಅವನು ಕಗ್ಗದಾಸಪುರದ ಶೀಟಿನ ಕೋಣೆಗೆ ಹೋದ. ಊರಲ್ಲಿ ಮಣ್ಣು ಮಾಡಿ ಕಾವೇರಿ ಆವತ್ತು ಬೆಳಗ್ಗೆಯೇ ಮರಳಿದ್ದಳು. ಅತ್ತೆ ಜಟ್ಟೆಮ್ಮ ಜೊತೆಗೆ ಬಂದಿದ್ದಳು. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹಬೀಬ್ ಹೊಸ್ತಿಲ ಹೊರಗೆ ಕೂತ. ಕಾವೇರಿಯ ಮುಂಗೈಯಲ್ಲಿ ಅವನ ಬೆರಳಿನ ಗುರುತು ಹಳದಿಯಾಗಿ ಇನ್ನೂ ಉಳಿದಿತ್ತು. ಕ್ಷಮೆ ಕೇಳಬೇಕೆಂದು ಬಂದವನು ಅದನ್ನು ನೋಡಿ ತನ್ನ ಕೈಗಳನ್ನು ಹಿಂದೆ ಸರಿಸಿಕೊಂಡ.

"ನಾ ಬರೋಕಿಂತ ಮೊದ್ಲ ಅಂವ ಏನೇನು ಅಂದ?" ಎಂದು ಅವಳೇ ಕೇಳಿದಳು.

ಅವನು ಎಲ್ಲವನ್ನೂ ಹೇಳಿದ. ಗೋಡೆ ಮುಂದೆ ಬಂದದ್ದು, ಕಟ್ಟಿಗೆ ಕೇಳಿದ್ದು, ಇಳಿ ಅಂದದ್ದು. ಮೂಲೆಯಲ್ಲಿ ಮಲಗಿದ್ದ ಮುದುಕಿ ಎದ್ದು ಕೂತಳು. "ಪೀರಪ್ಪ?" ಎಂದಳು.

"ನೀವು ಕೇಳಿದ್ರಿಲ್ಲ ಅಂತ ಮತ್ತೆ ಕೇಳಿದ," ಎಂದ ಹಬೀಬ್. "ಕೇಳಿದೆ ಅಂದೆ. ಹಂಗಾದ್ರ ಆತು ಅಂದ."

ಕಾವೇರಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಳು. "ಹಂಗಾದ್ರ ನೀವು ಹೇಳಬೇಕಲ್ಲಣ್ಣ," ಎಂದಳು.

ಅವನು ಅಲ್ಲಿಂದ ಸೀದಾ ಠಾಣೆಗೆ ಹೋದ.

* * *

ಇನ್ಸ್‌ಪೆಕ್ಟರ್ ಕೆಟ್ಟವನಾಗಿರಲಿಲ್ಲ, ದಣಿದವನಾಗಿದ್ದ. ಹಬೀಬನ ಹೇಳಿಕೆ ಎರಡು ಸಲ ಓದಿ ಪೆನ್ನು ಕೆಳಗಿಟ್ಟ. ಎದುರಿನ ಕುರ್ಚಿಯಲ್ಲಿ ಅವನು ಕರೆಸಿದ್ದ ಕಂಪನಿಯ ಇಂಜಿನಿಯರ್ ಕೂತಿದ್ದ.

"ಇವ್ರು ಹೇಳ್ತಾರೆ, ತೊಂಬತ್ತು ಮೀಟರ್, ಮೇಲೆ ರೋಡು, ನಡುವೆ ಬೆಂಡು, ಇಷ್ಟು ಸಣ್ಣ ಪೈಪು. ಏನೋ ಸದ್ದು ಬರಬಹುದು, ಇಷ್ಟುದ್ದ ಮಾತು ಬರಲ್ಲ ಅಂತ. ಅಗ್ನಿಶಾಮಕದವರೂ ಎರಡು ನರಳಾಟ ಕೇಳಿದ್ವಿ ಅಂತಾರೆ, ಮಾತಲ್ಲ. ಹೆಂಡತಿ ಕೇಳಿದ್ದನ್ನ ಕೋರ್ಟು ಹಂಗೇ ಒಪ್ಪಲ್ಲ. ನೀವು ಒಂದು ಪೇಜು ಮಾತು ಬರ್ಸಿದೀರ."

"ಇಟ್ಸ್ ನಾಟ್ ಪಾಸಿಬಲ್ ಸರ್," ಎಂದ ಇಂಜಿನಿಯರ್. "ಪಾಪ, ಶಾಕಲ್ಲಿದ್ರು. ಏನೋ ಅನ್ಸಿರುತ್ತೆ."

ಹಬೀಬ್ ಇಂಜಿನಿಯರನ್ನು ನೋಡದೆ ಇನ್ಸ್‌ಪೆಕ್ಟರಿಗೇ ಹೇಳಿದ. "ಸರ್, ನಾನು ಎಂಟನೇ ಕ್ಲಾಸು. ಆದ್ರೆ ಹದಿನೇಳು ವರ್ಷದಿಂದ ಇದೇ ಕೆಲಸ ಮಾಡ್ತಾ ಇದೀನಿ. ಬಯಲಲ್ಲಿ ಟಾರ್ಚ್ ಬಿಟ್ರೆ ಬೆಳಕು ಎಲ್ಲಾ ಕಡೆ ಹರಡಿ ತೆಳ್ಳಗಾಗುತ್ತೆ. ಅದೇ ಬೆಳಕು ಗಾಜಿನ ಎಳೆಯೊಳಗೆ ಹೊಕ್ರೆ ಆಚೆ ಹೋಗೋಕೆ ದಾರಿ ಇಲ್ಲ. ಗೋಡೆಗೆ ತಾಗಿ ತಾಗಿ ಮುಂದೇನೇ ಹೋಗ್ಬೇಕು. ಇಲ್ಲಿಂದ ಮೈಸೂರಿಗೂ ಹೋಗುತ್ತೆ. ನಿಧಾನಕ್ಕೆ ಬಗ್ಗಿದ್ರೆ ಅದೂ ಜೊತೆಗೆ ಬಗ್ಗುತ್ತೆ. ಚೂಪಾಗಿ ಮಡಚಿದ್ರೆ ಮಾತ್ರ ಸೋರಿಹೋಗುತ್ತೆ. ದನಿಗೆ ಈ ಪೈಪೂ ಹಂಗೇನೇ. ಮೈಸೂರಿಗೆ ಹೋಗಲ್ಲ. ತೊಂಬತ್ತು ಮೀಟರ್ ಹೋಗುತ್ತೆ. ಶಬ್ದದ ಚೂಪು ಸವೆಯುತ್ತೆ, ಮಾತು ಉಳಿಯುತ್ತೆ. ಪೈಪು ಹಾಕಿದ್ದು ನಾವೇ. ಬೇಕಿದ್ರೆ ಬಂದು ಕೇಳಿ ಸರ್. ಇನ್ನೂ ಕೇಬಲ್ ಹಾಕಿಲ್ಲ."

ಇಂಜಿನಿಯರ್ ತಟ್ಟನೆ ತಲೆಯೆತ್ತಿದ. "ನಾಳೆ ಕೇಬಲ್ ಬ್ಲೋಯಿಂಗ್ ಇದೆ ಸರ್. ಆಲ್ರೆಡಿ ಡಿಲೇ ಆಗಿದೆ."

ಇನ್ಸ್‌ಪೆಕ್ಟರ್ ಮತ್ತೆ ಪೆನ್ನು ಎತ್ತಿಕೊಂಡ. "ನಾಳೆ ಬೇಡ," ಎಂದ.

ಮಹಜರಿಗೆ ಎರಡು ದಿನ ಬಿಟ್ಟು ಮಧ್ಯಾಹ್ನ ಮೂರಕ್ಕೆ ಎಲ್ಲರೂ ಬಂದರು. ಪಂಚರಾಗಿ ಬೇಕರಿಯವನು ಮತ್ತು ಎದುರು ಮನೆಯ ನಿವೃತ್ತ ಮೇಷ್ಟ್ರು. ಆ ತುದಿಯಲ್ಲಿ ಯಾರು ಮಾತಾಡುವುದೆಂಬ ಪ್ರಶ್ನೆ ಎದ್ದಿತು. ಹಬೀಬ್ ಹೋದರೆ ಆಗದು, ಅವನೇ ಸಾಕ್ಷಿ. ಪೀರಪ್ಪ ಬಂದಿರಲಿಲ್ಲ. ಮಹಿಳಾ ಕಾನ್‌ಸ್ಟೇಬಲ್ ಗುಂಡಿಯ ಅಂಚಿಗೆ ಹೋಗಿ ನೋಡಿ, ಮುಖ ಸಣ್ಣದು ಮಾಡಿಕೊಂಡು ಹಿಂದೆ ಬಂದಳು. ಅರ್ಧ ಕುಸಿದ ಕಾಂಪೌಂಡು ಇನ್ನೂ ಹಾಗೇ ನಿಂತಿತ್ತು. ಅಗ್ನಿಶಾಮಕದವರು ಕೊಟ್ಟಿದ್ದ ಮರದ ಆಸರೆಗಳು ಈಗ ಅದನ್ನು ತಡೆದಿದ್ದವು.

"ನಾ ಇಳೀತೀನಿ," ಎಂದಳು ಕಾವೇರಿ.

"ಬೇಡಮ್ಮ," ಎಂದ ಇನ್ಸ್‌ಪೆಕ್ಟರ್.

"ಇಳೀತೀನ್ರಿ," ಎಂದು ಮತ್ತೆ ಹೇಳಿ, ಚಪ್ಪಲಿ ಬಿಟ್ಟು ಏಣಿಯ ಕಡೆ ನಡೆದಳು. ಹೆಸರು, ಊರು, ಗಂಡನ ಹೆಸರು ಹೇಳಿ, ಆಮೇಲೆ ಏನಾದರೂ ನಾಲ್ಕು ಮಾತು ಹೇಳಮ್ಮ ಎಂದು ಕಾನ್‌ಸ್ಟೇಬಲ್ ತಿಳಿಸಿದಳು. ಅದರಾಚೆ ಏನು ಹೇಳಬೇಕೆಂದು ಯಾರೂ ಹೇಳಿಕೊಡಲಿಲ್ಲ. ಮೊದಲೇ ಗೊತ್ತಿದ್ದರೆ ಪರೀಕ್ಷೆಯಾಗುವುದಿಲ್ಲವಲ್ಲ.

ಬೇಕರಿಯ ಮುಂದಿನ ಗುಂಡಿಯಲ್ಲಿ ಇನ್ಸ್‌ಪೆಕ್ಟರ್ ಟೋಪಿ ತೆಗೆದು ಕುಕ್ಕರುಗಾಲಲ್ಲಿ ಕೂತ. ಹಬೀಬ್ ಮೇಲೆ ಅಂಚಿನಲ್ಲಿ ನಿಂತಿದ್ದ, ಅವನ ಪಕ್ಕ ಇಂಜಿನಿಯರ್. ಇನ್ಸ್‌ಪೆಕ್ಟರ್ ಪೈಪಿಗೆ ಕಿವಿ ಕೊಟ್ಟ. ಬರೆಯಲೆಂದು ಹಿಡಿದಿದ್ದ ಹಾಳೆಯ ಮೇಲೆ ಪೆನ್ನು ಓಡಿತು. ಒಂದು ಸಾಲು, ಎರಡು ಸಾಲು, ಮೂರನೆಯದರ ಅರ್ಧ. ಅಲ್ಲಿಗೆ ಪೆನ್ನು ನಿಂತಿತು. ಆದರೆ ಅವನು ಕಿವಿ ತೆಗೆಯಲಿಲ್ಲ. ಒಂದು ಬಸ್ಸು ಹಾದುಹೋಯಿತು. ಎರಡು ನಿಮಿಷವಾಗಿರಬೇಕು. ತಲೆ ಎತ್ತಿದಾಗ ಅವನ ಕಿವಿಯ ಸುತ್ತ ಕೆಂಪು ಮಣ್ಣಿನ ದುಂಡನೆಯ ಗುರುತು ಬಿದ್ದಿತ್ತು.

"ನೀವೂ ಬಂದು ಕೇಳಿ," ಎಂದ ಇಂಜಿನಿಯರಿಗೆ.

ಇಂಜಿನಿಯರ್ ಪ್ಯಾಂಟು ಮೇಲೆಳೆದುಕೊಂಡು ಇಳಿದು, ಪೈಪಿನ ಹತ್ತಿರ ಬಾಗಿದ. ಹತ್ತು ಸೆಕೆಂಡು ಕೂಡ ಇರಲಿಲ್ಲ. ಎದ್ದು ಮಂಡಿಯ ಮಣ್ಣು ಕೊಡವಿಕೊಂಡ. ಯಾರ ಮುಖವನ್ನೂ ನೋಡಲಿಲ್ಲ.

"ಮಾತು ಸ್ಪಷ್ಟವಾಗಿ ಕೇಳಿಬಂದಿರುತ್ತದೆ ಅಂತ ಬರೀರಿ," ಎಂದು ಇನ್ಸ್‌ಪೆಕ್ಟರ್ ಪೇದೆಗೆ ಹೇಳಿದ. ತಾನು ಬರೆದುಕೊಂಡ ಹಾಳೆಯನ್ನು ಮಡಚಿ ಜೇಬಿಗಿಟ್ಟ. ಪಂಚರು ಸಹಿ ಮಾಡಿದರು. ಸಹಿ ಹಾಕಲು ಮಹಿಳಾ ಕಾನ್‌ಸ್ಟೇಬಲ್ಲೂ ಮೂಲೆ ತಿರುಗಿ ಬಂದಳು. ಜೀಪು ಹತ್ತುವ ಮೊದಲು ಇನ್ಸ್‌ಪೆಕ್ಟರ್ ಹಬೀಬನ ಹತ್ತಿರ ನಿಂತ. "ಕೇಳುತ್ತೆ ಅಂತ ಆಯ್ತು. ಅವನು ಇದನ್ನೇ ಹೇಳ್ದ ಅನ್ನೋದಕ್ಕೆ ನೀವೊಬ್ರೇ. ಕೋರ್ಟಲ್ಲಿ ವರ್ಷಗಟ್ಲೆ ಹಿಡಿಯುತ್ತೆ. ಪ್ರತಿ ಸಲ ಬರ್ಬೇಕಾಗುತ್ತೆ."

"ಬರ್ತೀನಿ ಸರ್."

"ಈ ಕಂಪನಿಲಿ ಕೆಲಸ ಇರಲ್ಲ ನಿಮ್ಗೆ."

"ನಿನ್ನೇನೇ ಹೇಳಿದ್ರು ಸರ್, ಬರ್ಬೇಡ ಅಂತ."

ಜೀಪು ಹೋಯಿತು. ಇಂಜಿನಿಯರನ ಕಾರು ಅದಕ್ಕಿಂತ ಮೊದಲೇ ಹೋಗಿತ್ತು. ಬೇಕರಿಯವನು ಒಳಗೆ ಹೋಗಿ ಹಾಡು ಹಾಕಲು ಫೋನು ಎತ್ತಿದವನು ಹಾಕದೆ ಇಟ್ಟ. ಎಲ್ಲ ಮುಗಿಯಿತೆಂದು ಕಾವೇರಿಗೆ ಯಾರೂ ಹೇಳಿಲ್ಲ ಎಂಬುದು ಹಬೀಬನಿಗೆ ಆಗ ನೆನಪಾಯಿತು. ಅವನು ಮೂಲೆಯ ಕಡೆ ನಡೆದ.

ಗುಂಡಿಯ ಸುತ್ತ ಕಟ್ಟಿದ್ದ ಪೊಲೀಸ್ ಟೇಪು ಗಾಳಿಗೆ ಪಟಪಟ ಎನ್ನುತ್ತಿತ್ತು. ಅಂಚಿನಿಂದ ಬಗ್ಗಿ ನೋಡಿದ. ಕಾವೇರಿ ತಳದ ಮಣ್ಣಿನಲ್ಲಿ ಮಂಡಿಯೂರಿ, ಎರಡೂ ಕೈಯನ್ನು ಪೈಪಿನ ಬಾಯಿಯ ಸುತ್ತ ಬೊಗಸೆ ಮಾಡಿ ಹಿಡಿದಿದ್ದಳು. ಅವಳ ಬೆನ್ನು ಅವನ ಕಡೆಗಿತ್ತು.

"...ಅವ್ವ ಉಣವಲ್ಲಳು. ನಾ ಉಂಡೀನಿ, ಸುಳ್ಳ ಹೇಳಂಗಿಲ್ಲ, ನಿನ್ನಿ ಉಂಡೀನಿ," ಎನ್ನುತ್ತಿದ್ದಳು. ಕೂಗುತ್ತಿರಲಿಲ್ಲ. "ಮತ್ತ ಆವತ್ತ ನಾ ಹೇಳಬೇಕಂದಿದ್ದು..."

ಹಬೀಬ್ ಹಿಂದಕ್ಕೆ ಸರಿದ. ಮಾತು ಕೇಳಿಸದಷ್ಟು ದೂರ ಬಂದು, ಮಣ್ಣಿನ ಗುಡ್ಡೆಯ ಮೇಲೆ ಕೂತ. ಶಾಲೆ ಬಿಟ್ಟ ಮಕ್ಕಳ ವ್ಯಾನೊಂದು ಓಣಿಗೆ ತಿರುಗಿತು. ಅವನು ಎದ್ದುಹೋಗಿ, ಕೈ ಅಡ್ಡ ಹಿಡಿದು, ಹಾರ್ನ್ ಮಾಡಬೇಡವೆಂದು ಡ್ರೈವರಿಗೆ ಸನ್ನೆ ಮಾಡಿದ.